ವಿಮಾನ ಹತ್ತಿಸಿದರೆ ಮುಗಿಯಿತೇ?

ಪ್ರಶ್ನೆ: ಅಮೆರಿಕದಲ್ಲಿ ದಾಖಲೆ ಇಲ್ಲದೆ ಇರುವವರನ್ನೆಲ್ಲ ಹಿಡಿದು ವಾಪಸ್ ಕಳಿಸಬಹುದಲ್ಲ? ಅಷ್ಟು ಶ್ರೀಮಂತ ದೇಶಕ್ಕೆ ವಿಮಾನದ ಖರ್ಚು ದೊಡ್ಡದೇ?

ಉತ್ತರ: ವಿಮಾನ ಹತ್ತಿಸುವುದು ಕೊನೆಯ ಕೆಲಸ. ದುಡ್ಡು, ಸಮಯ ಎರಡೂ ಅದಕ್ಕಿಂತ ಮೊದಲೇ ಖರ್ಚಾಗುತ್ತವೆ. ಅಲ್ಲಿನ ಸರ್ಕಾರದ್ದೇ ಅಂದಾಜಿನಂತೆ 2022ರಲ್ಲಿ ಇಂಥವರು ಸುಮಾರು 1.1 ಕೋಟಿ. 2024ರ ಹಣಕಾಸು ವರ್ಷದಲ್ಲಿ ವಲಸೆ ಪೊಲೀಸರು, ಅಂದರೆ ಐಸ್ ಸಂಸ್ಥೆ, ಹೊರಗೆ ಕಳಿಸಿದ್ದು ಸುಮಾರು 2.7 ಲಕ್ಷ ಜನರನ್ನು. ಅದೇ ವೇಗದಲ್ಲಿ ಹೋದರೆ 40 ವರ್ಷ ಬೇಕು!

ಇವರು ಗಡಿಯ ಬೇಲಿ ಪಕ್ಕ ಸಾಲಾಗಿ ನಿಂತಿಲ್ಲ. ವೀಸಾದಲ್ಲಿ ಬಂದು ಅವಧಿ ಮುಗಿದ ಮೇಲೂ ಉಳಿದವರಿದ್ದಾರೆ, ಹತ್ತಾರು ವರ್ಷಗಳಿಂದ ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುತ್ತಿರುವವರಿದ್ದಾರೆ, ಅವರಲ್ಲಿ ಎಷ್ಟೋ ಜನರ ಮಕ್ಕಳು ಅಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು. ಹುಡುಕಿ ಹಿಡಿದರೂ ಹೆಚ್ಚಿನವರಿಗೆ ವಲಸೆ ಕೋರ್ಟಿನಲ್ಲಿ ವಾದ ಹೇಳುವ ಹಕ್ಕಿದೆ. ನಿಜವಾದ ಗಂಟು ಇರುವುದು ಇಲ್ಲೇ. 2024ರ ಕೊನೆಗೆ ಅಲ್ಲಿ 35 ಲಕ್ಷಕ್ಕೂ ಜಾಸ್ತಿ ಕೇಸುಗಳು ಬಾಕಿ ಇದ್ದವು, ಜಡ್ಜ್‌ಗಳು ಸುಮಾರು 700 ಮಂದಿ. ತೀರ್ಪು ಬರುವವರೆಗೆ ಕೂಡಿಹಾಕಿದರೆ ಊಟ, ಕಾವಲು, ಔಷಧಿ ಎಲ್ಲ ಸರ್ಕಾರದ ಮೇಲೆ. ಕೂಡಿಹಾಕುವ ಕೇಂದ್ರಗಳಿಗೇ 2025ರ ಜುಲೈನಲ್ಲಿ 4,500 ಕೋಟಿ ಡಾಲರ್ ಮಂಜೂರಾಯಿತು. ಅದರಲ್ಲಿ ದೊಡ್ಡ ಪಾಲು ಜಡ್ಜ್‌ಗಳ ನೇಮಕಕ್ಕೆ ಹೋಗಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಸುಮ್ನೆ ಹಾಸಿಗೆ ಹೆಚ್ಚಿಸಿದರೆ ಕೇಸು ಬೇಗ ಮುಗಿಯುವುದಿಲ್ಲ, ಅಲ್ವಾ?

ತೀರ್ಪಾದ ಮೇಲೂ ಅವರ ಸ್ವಂತ ದೇಶ ಪ್ರಯಾಣದ ಕಾಗದ ಕೊಟ್ಟು ಒಳಗೆ ಬಿಟ್ಟುಕೊಳ್ಳಬೇಕು. ಕ್ಯೂಬಾದಂಥ ದೇಶಗಳು ಇದರಲ್ಲಿ ವರ್ಷಗಟ್ಟಲೆ ಸತಾಯಿಸಿವೆ. ಹಾಗಂತ ಕೊನೆಯಿಲ್ಲದೆ ಬಂಧಿಸಿಡುವುದಕ್ಕೂ ಆಗುವುದಿಲ್ಲ, 2001ರಲ್ಲೇ ಸುಪ್ರೀಂ ಕೋರ್ಟ್ ಅದಕ್ಕೆ ಮಿತಿ ಹಾಕಿದೆ. ಎಲ್ಲರನ್ನೂ ಒಂದೇ ಸಲ ಕಳಿಸಲು 31,500 ಕೋಟಿ ಡಾಲರ್ ಬೇಕು ಎಂದು ಅಮೆರಿಕನ್ ಇಮಿಗ್ರೇಷನ್ ಕೌನ್ಸಿಲ್ 2024ರಲ್ಲಿ ಲೆಕ್ಕ ಹಾಕಿತ್ತು. ಅದು ವಲಸಿಗರ ಪರ ನಿಲ್ಲುವ ಸಂಸ್ಥೆ, ಆ ಅಂಕಿ ನೋಡುವಾಗ ಇದೂ ನೆನಪಿರಲಿ.

ಪ್ರಶ್ನೆ: ದುಡ್ಡು ಕೊಟ್ಟು ತಾವಾಗಿಯೇ ಹೋಗುವಂತೆ ಮಾಡಿದರೆ?

ಉತ್ತರ: ಅದನ್ನೂ ಮಾಡಿದ್ದಾರೆ. ಸರ್ಕಾರದ ಆ್ಯಪ್‌ನಲ್ಲಿ ಹೆಸರು ಕೊಟ್ಟು ತಾವಾಗಿ ಹೊರಟವರಿಗೆ 1,000 ಡಾಲರ್ ಎಂದು 2025ರ ಮೇನಲ್ಲಿ ಘೋಷಿಸಿದರು. ಒಬ್ಬರನ್ನು ಹಿಡಿದು, ಇಟ್ಟುಕೊಂಡು, ಕಳಿಸಲು ಸರಾಸರಿ 17,121 ಡಾಲರ್ ಆಗುತ್ತದೆ ಎಂದು ಆಗ ಸರ್ಕಾರವೇ ಹೇಳಿತ್ತು, ಹಾಗಾಗಿ ಖಜಾನೆಗೆ ಇದು ಅಗ್ಗ. ಆದರೆ ಹೋಗುವವರ ಕಡೆಯಿಂದಲೂ ನೋಡಿ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಅಕ್ರಮವಾಗಿ ಇದ್ದು ಹೊರಟವರಿಗೆ 1996ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ 10 ವರ್ಷ ಮರಳಿ ಬರಲು ಬಿಡುವುದಿಲ್ಲ. ಮಕ್ಕಳು ಅಲ್ಲೇ ಶಾಲೆಗೆ ಹೋಗುತ್ತಿರುವಾಗ ಇಂಥ ದುಡ್ಡಿಗೆ ಯಾವ ತಾಯಿ ಹೊರಡುತ್ತಾಳೆ?