ನೋಡುವುದು ಸಾಕು, ಮಾಡುವುದು ಹೇಗೆ?

ಪ್ರಶ್ನೆ: ರಾತ್ರಿ ಮಲಗುವ ಮುನ್ನ ಬೇರೆಯವರು ಮರ ಕೆತ್ತುವ, ಮಡಕೆ ತಿರುಗಿಸುವ, ಪುಸ್ತಕ ಹೊಲಿಯುವ ವಿಡಿಯೊಗಳನ್ನು ಗಂಟೆಗಟ್ಟಲೆ ನೋಡುತ್ತೇನೆ. ಆಸೆ ತಡೆಯಲಾರದೆ ಉಣ್ಣೆ, ಬಣ್ಣ, ಉಳಿಗಳನ್ನೂ ತರಿಸಿಕೊಂಡಿದ್ದೇನೆ, ಆದರೆ ಅವು ಇನ್ನೂ ಡಬ್ಬದಿಂದ ಹೊರಗೆ ಬಂದಿಲ್ಲ. ಕೈಯಾರೆ ಏನನ್ನಾದರೂ ಮಾಡುತ್ತಾ ಬದುಕಬೇಕೆಂಬ ನನ್ನ ಹಂಬಲ ನಿಜವೇ, ಅಥವಾ ಇದೂ ಕೊಳ್ಳುವ ಚಪಲದ ಇನ್ನೊಂದು ರೂಪವೇ?

ಉತ್ತರ: ಹಂಬಲ ನಿಜವಾದದ್ದೇ ಎಂದು ನಿಮ್ಮ ಪತ್ರ ಓದಿದರೆ ಅನ್ನಿಸುತ್ತದೆ. ತೊಂದರೆಯೆಂದರೆ ಅದು ಕೆಲಸ ಶುರುವಾಗುವ ಮೊದಲೇ ಅರ್ಧ ತಣಿದುಹೋಗುತ್ತಿದೆ. ಒಳ್ಳೆಯ ಉಳಿಯೊಂದನ್ನು ಕೊಂಡ ದಿನ, ಅದರಿಂದ ಮುಂದೆಂದೋ ಕೆತ್ತಬಹುದಾದ ವಸ್ತುವಿನ ಸಂತೋಷದ ಒಂದು ಪಾಲು ಮುಂಗಡವಾಗಿಯೇ ಸಿಕ್ಕಿಬಿಡುತ್ತದೆ. ವಿಡಿಯೊ ನೋಡಿದಾಗ ಇನ್ನೊಂದು ಪಾಲು ಸಿಗುತ್ತದೆ. ಉಳಿದದ್ದು ಬೆರಳು ನೋಯಿಸಿಕೊಳ್ಳುವ ಭಾಗವೊಂದೇ, ಅದಕ್ಕೆ ಯಾರ ಮನಸ್ಸೂ ತಾನಾಗಿ ಏಳುವುದಿಲ್ಲ. ಇದಕ್ಕೆ ನಿಮ್ಮೊಬ್ಬರನ್ನೇ ದೂರುವುದು ನ್ಯಾಯವಲ್ಲ. ಪುಟದ ಕೊನೆಯೇ ಬಾರದಂತೆ ಉರುಳುತ್ತಲೇ ಹೋಗುವ ಪರದೆಯನ್ನು ಅಜಾ ರಾಸ್ಕಿನ್ ಎಂಬ ವಿನ್ಯಾಸಕಾರ 2006ರಲ್ಲಿ ರೂಪಿಸಿದರು, ಮುಂದೆ ಅದರ ಪರಿಣಾಮವನ್ನು ಕಂಡು ತಾವೇ ಬಹಿರಂಗವಾಗಿ ವಿಷಾದಪಟ್ಟರು. ಓದುವವನು ಒಂದು ಕ್ಷಣ ನಿಂತು, ಸಾಕೋ ಬೇಕೋ ಎಂದು ಯೋಚಿಸುವ ಜಾಗ ಪುಟದ ಅಂಚಾಗಿತ್ತು. ಆ ಅಂಚನ್ನೇ ತೆಗೆದುಹಾಕಿದ ಮೇಲೆ ಎದ್ದುಹೋಗಲು ನೆಪವೇ ಉಳಿಯಲಿಲ್ಲ.

ಹಾಗಾಗಿ ಹೊಸದೇನನ್ನೂ ಕೊಳ್ಳದೆ, ಒಂದೇ ಸಂಜೆಯಲ್ಲಿ ಮುಗಿಯುವ ಕೆಲಸವೊಂದನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಪುಸ್ತಕ ಹೊಲಿಯುವುದನ್ನು ನೀವೇ ಪ್ರಸ್ತಾಪಿಸಿದ್ದೀರಿ, ಅದನ್ನೇ ತೆಗೆದುಕೊಳ್ಳೋಣ. ಐದಾರು ಹಾಳೆ, ಒಂದು ಸೂಜಿ, ಗಟ್ಟಿ ದಾರ ಇದ್ದರೆ ಸಾಕು. ಮೊದಲು ಹಾಳೆಯನ್ನು ಗೆರೆ ಬೀಳದಂತೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿ. ಒಂದು ಕಡೆಗೆ ಅದು ಸುಲಭವಾಗಿ ಬಾಗುತ್ತದೆ, ಇನ್ನೊಂದು ಕಡೆಗೆ ಸ್ವಲ್ಪ ಸೆಟೆಯುತ್ತದೆ. ಕಾಗದದ ಯಂತ್ರದಲ್ಲಿ ತಿರುಳು ಚಲಿಸುವ ಜಾಲರಿಯ ಮೇಲೆ ಹರಿಯುವಾಗ ಅದರ ನಾರುಗಳು ಹೆಚ್ಚಾಗಿ ಆ ಚಲನೆಯ ದಿಕ್ಕಿಗೇ ಮಲಗುವುದರಿಂದ ಈ ವ್ಯತ್ಯಾಸ ಉಂಟಾಗುತ್ತದೆ. ಸುಲಭವಾಗಿ ಬಾಗುವ ಕಡೆಗೇ ಮಡಚಿದರೆ ಮಡಿಕೆ ನೇರವಾಗಿ ಕೂರುತ್ತದೆ. ಅದಕ್ಕೆ ಅಡ್ಡವಾಗಿ ಮಡಚಿದರೆ, ದಪ್ಪ ಕಾಗದವಾದರಂತೂ, ಮಡಿಕೆಯ ಮೇಲೆ ಸಣ್ಣ ಸಣ್ಣ ಬಿರುಕುಗಳೇಳುತ್ತವೆ. ಮಡಚಿದ ಹಾಳೆಗಳನ್ನು ಒಂದರೊಳಗೊಂದು ಇಟ್ಟು ಮಡಿಕೆಯ ಮೇಲೆ ಮೂರು ತೂತು ಮಾಡಿ. ಸೂಜಿ ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ ಬರಲಿ, ಮೇಲಿನ ತೂತಿನಲ್ಲಿ ಒಳಗೆ ಹೋಗಲಿ, ಒಳಗಡೆಯೇ ನಡುವನ್ನು ದಾಟಿ ಕೆಳಗಿನ ತೂತಿನಿಂದ ಹೊರಬಂದು ಮತ್ತೆ ನಡುವಿನ ತೂತಿಗೇ ಮರಳಲಿ. ಒಳಗೆ ಉದ್ದಕ್ಕೆ ಚಾಚಿದ ದಾರದ ಆಚೆಗೊಂದು, ಈಚೆಗೊಂದು ತುದಿ ಬರುವಂತೆ ಹಿಡಿದು ಗಂಟು ಹಾಕಿದರೆ ಮುಗಿಯಿತು. ಕಾಗದಕ್ಕೆ ನಾರಿನ ದಿಕ್ಕೊಂದಿದೆ ಎಂಬುದು ಎಷ್ಟು ವಿಡಿಯೊ ನೋಡಿದರೂ ಬರಿಯ ಮಾಹಿತಿಯಾಗಿಯೇ ಉಳಿಯುತ್ತದೆ. ಒಂದು ಹಾಳೆಯನ್ನು ತಪ್ಪು ಕಡೆಗೆ ಮಡಚಿದ ಮೇಲೆ ಮಾತ್ರ ಅದು ಬೆರಳಿಗೆ ಗೊತ್ತಾಗುತ್ತದೆ.

ಮುಗಿಸುವುದಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಮೈಕೆಲ್ ನಾರ್ಟನ್, ಡೇನಿಯಲ್ ಮೊಚನ್, ಡ್ಯಾನ್ ಏರಿಯಲಿ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ಪೆಟ್ಟಿಗೆ ಜೋಡಿಸಿದರು, ಕಾಗದ ಮಡಚಿ ಆಕೃತಿಗಳನ್ನು ಮಾಡಿದರು. ಬೇರೆಯವರ ಕಣ್ಣಿಗೆ ಅಷ್ಟೇನೂ ಬೆಲೆಯಿಲ್ಲದೆ ಕಂಡ ಆ ಸೊಟ್ಟ ಆಕೃತಿಗಳಿಗೆ ಮಾಡಿದವರು ಮಾತ್ರ ನುರಿತವರ ಕೆಲಸಕ್ಕೆ ಹತ್ತಿರಹತ್ತಿರದ ಬೆಲೆ ಕಟ್ಟಿದರು. ಆದರೆ ಕೆಲಸ ಅರ್ಧಕ್ಕೆ ನಿಂತಾಗ, ಅಥವಾ ಕಟ್ಟಿದ್ದನ್ನು ಮತ್ತೆ ಬಿಚ್ಚಿದಾಗ, ಆ ಅಕ್ಕರೆ ಉಳಿಯಲಿಲ್ಲ. ದೊಡ್ಡ ಕಂಬಳಿಯ ಕನಸು ಆಮೇಲೆ ಕಾಣಬಹುದು.

ಪ್ರಶ್ನೆ: ಯಂತ್ರ ಅಗ್ಗವಾಗಿ, ಅಚ್ಚುಕಟ್ಟಾಗಿ ಮಾಡಿಕೊಡುವುದನ್ನು ನಾವು ಕಷ್ಟಪಟ್ಟು ಒರಟಾಗಿ ಏಕೆ ಮಾಡಬೇಕು? ಕೈಯಿಂದ ತಯಾರಿಸಿದ ವಸ್ತುಗಳನ್ನು ಮೆಚ್ಚುವುದು ಉಳ್ಳವರ ಶೋಕಿಯಾಗಿಲ್ಲವೇ?

ಉತ್ತರ: ಬಹುಮಟ್ಟಿಗೆ ಆಗಿದೆ, ಮತ್ತು ಇದು ಹಳೆಯ ಇಕ್ಕಟ್ಟು. ಇಂಗ್ಲೆಂಡಿನ ವಿಲಿಯಂ ಮಾರಿಸ್ 1861ರಲ್ಲಿ ಗೆಳೆಯರೊಡನೆ ಸಂಸ್ಥೆಯೊಂದನ್ನು ಕಟ್ಟಿ, ಕಾರ್ಖಾನೆಯ ಕಳಪೆ ಸರಕಿಗೆ ಎದುರಾಗಿ ಕುಶಲಕರ್ಮಿಗಳ ಕೆಲಸವನ್ನು ಎತ್ತಿಹಿಡಿದ. ಆದರೆ ಹಾಗೆ ತಯಾರಾದ ವಸ್ತುಗಳು ದುಬಾರಿಯಾಗಿ ಹೆಚ್ಚಾಗಿ ಸಿರಿವಂತರ ಮನೆಗಳನ್ನೇ ಸೇರಿದವು. ಸಮಾಜವಾದಿಯಾಗಿದ್ದ ಅವನಿಗೆ ಅದು ಕೊನೆಯವರೆಗೂ ಕಾಡಿದ ನೋವು. ನೀವು ಕೇಳಿದ ಶೋಕಿ ಹುಟ್ಟುವುದು ಇಲ್ಲೇ: ಬೇರೆಯವರ ಕೈಕೆಲಸವನ್ನು ಕೊಂಡು ಕಪಾಟಿನಲ್ಲಿಡುವುದು ಒಳ್ಳೆಯ ಅಭಿರುಚಿ ಇರಬಹುದು, ಆದರೆ ಕೊಳ್ಳುವವರ ದಿನಚರಿಯಲ್ಲಿ ಅದು ಏನನ್ನೂ ಬದಲಿಸುವುದಿಲ್ಲ.

ಅದೇ ಮಾರಿಸ್ 1879ರಲ್ಲಿ, ತನ್ನ 45ನೆಯ ವಯಸ್ಸಿನಲ್ಲಿ, ಮಲಗುವ ಕೋಣೆಯಲ್ಲೇ ಮಗ್ಗ ಹೂಡಿಸಿ, ಹಳೆಯ ಫ್ರೆಂಚ್ ಕೈಪಿಡಿಯೊಂದನ್ನು ನೋಡಿಕೊಂಡು ಚಿತ್ರ ನೇಯುವುದನ್ನು ಕಲಿತ. ಎಲೆ ಬಳ್ಳಿಗಳ ಆ ಮೊದಲ ನೇಯ್ಗೆಗೆ ಹಿಡಿದದ್ದು 516 ಗಂಟೆಗಳೆಂದು ಅವನೇ ಲೆಕ್ಕ ಬರೆದಿಟ್ಟ. ಎಲೆಗಳು ಅಂಕೆಮೀರಿ ಹರಡಿದ್ದರಿಂದ ಅದನ್ನು ಎಲೆಕೋಸು ಎಂದು ತಾನೇ ತಮಾಷೆ ಮಾಡಿದ. ಆ ಹೊತ್ತಿಗೆ ಅವನು ಹೆಸರಾಂತ ವಿನ್ಯಾಸಕಾರ, ಬೇಕೆಂದರೆ ನುರಿತ ನೇಕಾರರಿಂದ ಮಾಡಿಸಿಕೊಳ್ಳಬಹುದಿತ್ತು. ಎಷ್ಟು ಬಿಗಿ ಬೇಕು, ಎಲ್ಲಿ ಬಣ್ಣ ಬದಲಿಸಬೇಕು, ಯಾವ ತಪ್ಪನ್ನು ಬಿಚ್ಚಬೇಕು, ಯಾವುದನ್ನು ಹಾಗೆಯೇ ಬಿಡಬೇಕು ಎಂಬ ತೀರ್ಮಾನಗಳೆಲ್ಲ ತನ್ನವೇ ಆಗಿರುವ ಕೆಲಸ ಅವನಿಗೆ ಬೇಕಾಗಿತ್ತು ಎಂದೇ ನಾನು ತಿಳಿದಿದ್ದೇನೆ. ಯಂತ್ರದ ವಸ್ತು ಮನೆಗೆ ಬರುವಾಗ ಆ ತೀರ್ಮಾನಗಳನ್ನು ಯಾರೋ ಮುಗಿಸಿಕೊಟ್ಟಿರುತ್ತಾರೆ. ನಮಗೆ ಉಳಿಯುವುದು ಬೇಕು, ಬೇಡ ಎಂಬುದಷ್ಟೇ.

ಎಲ್ಲವನ್ನೂ ಕೈಯಿಂದಲೇ ಮಾಡಿಕೊಳ್ಳುತ್ತೇನೆಂದು ಹೊರಡುವುದು ಮೂರ್ಖತನ, ಮನೆಯವರಿಗೂ ಕಿರುಕುಳ. ಬಲ್ಬು, ಔಷಧಿ, ಬೀಗಗಳನ್ನು ಕಾರ್ಖಾನೆಗೇ ಬಿಡೋಣ. ಒಂದು ವಿಷಯದಲ್ಲಿ ಮಾತ್ರ ನೀವು ಮಾಡುವವರಾದರೆ ಸಾಕು, ಮತ್ತು ಆ ಒಂದಕ್ಕೆ ಖರ್ಚೇ ಬೇಕಿಲ್ಲ: ಹರಿದ ತೋಳಿಗೆ ತೇಪೆ ಹಾಕುವುದು, ಸಡಿಲಾದ ಕುರ್ಚಿಯ ಕಾಲನ್ನು ಬಿಚ್ಚಿ ಹಳೆಯ ಅಂಟು ಕೆರೆದು ಮತ್ತೆ ಕೂರಿಸುವುದು ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ಹಾಗೆಯೇ, ಒಂದು ಪುಸ್ತಕವನ್ನು ಮನಸ್ಸಿಟ್ಟು ಓದುವವರನ್ನೂ ಸಂಗೀತವನ್ನು ಗಮನವಿಟ್ಟು ಕೇಳುವವರನ್ನೂ ಬರಿಯ ಗ್ರಾಹಕರೆಂದು ಕರೆಯಲು ನಾನು ಸಿದ್ಧನಿಲ್ಲ.

ಪ್ರಶ್ನೆ: ನಾನು ಹೆಣೆಯುವ ಚೀಲಗಳನ್ನು ಕಂಡವರೆಲ್ಲ ಮಾರಾಟಕ್ಕಿಡಿ ಎನ್ನುತ್ತಾರೆ. ಇಡಲೇ?

ಉತ್ತರ: ಹಣದ ಅಗತ್ಯವಿದ್ದರೆ ಹಿಂಜರಿಯದೆ ಇಡಿ, ಅದರಲ್ಲಿ ನಾಚಿಕೆಯೇನಿಲ್ಲ. ಅಗತ್ಯವಿಲ್ಲದಿದ್ದರೆ ಸ್ವಲ್ಪ ತಡೆಯಿರಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ಪುಟ್ಟ ಮಕ್ಕಳನ್ನು ಆರಿಸಿ, ಕೆಲವರಿಗೆ ಮಾತ್ರ ಬರೆದರೆ ಬಹುಮಾನ ಕೊಡುವುದಾಗಿ ಮುಂಚಿತವಾಗಿ ಹೇಳಿದರು. ಮುಂದೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆದರು. ದೊಡ್ಡವರ ವಿಷಯದಲ್ಲೂ ಇದು ಯಾವಾಗಲೂ ಹೀಗೆಯೇ ಎಂದು ನಾನು ಹೇಳಲಾರೆ, ಆದರೆ ಒಂದೇ ಬಣ್ಣದ ಇಪ್ಪತ್ತು ಚೀಲ ಬೇಕೆಂದು ಯಾರಾದರೂ ಕೇಳಿದ ದಿನ ನಿಮ್ಮ ಸಂಜೆಯ ಸ್ವರೂಪ ಬೇರೆಯಾಗುವುದಂತೂ ಖಚಿತ. ಮಾರುವುದೆಂದು ನಿಶ್ಚಯಿಸಿದರೆ, ನಿಮಗಿಷ್ಟ ಬಂದಂತೆ ಹೆಣೆದು ಮುಗಿಸಿದ್ದನ್ನಷ್ಟೇ ಮಾರಿ. ಬೇಡಿಕೆ ಒಪ್ಪಿಕೊಂಡು ಹೆಣೆಯುವುದು ಸದ್ಯಕ್ಕೆ ಬೇಡ.