ಎಂಫಿಸೀಮಾಗೆ ವಾಲ್ವ್ ಹಾಕಿಸುವ ಮೊದಲು ಗೋಡೆ ನೋಡಿಸಿ

ನಿಮ್ಮ ತಂದೆಯವರಿಗೆ ಎಂಫಿಸೀಮಾ ಎಂಬ ಶ್ವಾಸಕೋಶದ ಕಾಯಿಲೆ, ಇನ್‌ಹೇಲರ್‌ಗೆ ದಮ್ಮು ಬಗ್ಗುತ್ತಿಲ್ಲ, ಎದೆ ಕೊಯ್ಯದೆ ಶ್ವಾಸಕೋಶಕ್ಕೆ ವಾಲ್ವ್ ಹಾಕ್ತಾರಂತೆ, ಹಾಕಿಸಬಹುದಾ ಅಂತ ಕೇಳಿದ್ದೀರಿ. ನಮ್ಮ ಅಪ್ಪನಿಗೆ ಹಾಕಿಸಿದ್ದೇವೆ. ನಾನು ಡಾಕ್ಟರ್ ಅಲ್ಲ. ಮಗಳಾಗಿ ಓಡಾಡಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಈ ಕಾಯಿಲೆಯಲ್ಲಿ ಒಳಗೆ ಹೋದ ಗಾಳಿ ಹೊರಗೆ ಬರುವುದೇ ಕಷ್ಟ. ಹಾಳಾದ ಭಾಗದಲ್ಲಿ ಹಳೇ ಗಾಳಿ ಸಿಕ್ಕಿಕೊಂಡು ಉಬ್ಬುತ್ತದೆ, ಪಕ್ಕದ ಚೆನ್ನಾಗಿರುವ ಭಾಗವನ್ನೂ ಒತ್ತುತ್ತದೆ. ವಾಲ್ವ್ ಗಾಳಿಯನ್ನು ಹೊರಗೆ ಬಿಡುತ್ತದೆ, ಒಳಗೆ ಬಿಡಲ್ಲ. ಬ್ರಾಂಕೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿ, ಆ ಭಾಗಕ್ಕೆ ಹೋಗುವ ನಾಳದ ಕವಲುಗಳಿಗೆಲ್ಲ ಕೂರಿಸುತ್ತಾರೆ. ಅಪ್ಪನಿಗೆ ನಾಲ್ಕು ಬೇಕಾಯಿತು. ಆ ಭಾಗ ಕುಗ್ಗಿದರೆ ಉಳಿದದ್ದಕ್ಕೆ ಜಾಗ ಸಿಗುತ್ತದೆ.

ಆದರೆ ಶ್ವಾಸಕೋಶದ ಒಂದು ಲೋಬಿಗೂ (ಭಾಗಕ್ಕೂ) ಇನ್ನೊಂದಕ್ಕೂ ನಡುವಿನ ಗೋಡೆ ಪೂರ್ತಿ ಇರಬೇಕು. ಅರ್ಧಂಬರ್ಧ ಇದ್ದರೆ ಪಕ್ಕದಿಂದ ಗಾಳಿ ನುಸುಳುತ್ತದೆ. ಮುಂಬಾಗಿಲು ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ, ಅಲ್ವಾ? ಇದನ್ನು ಸಿ.ಟಿ. ಸ್ಕ್ಯಾನ್‌ನಲ್ಲಿ ನೋಡುತ್ತಾರೆ, ಚಾರ್ಟಿಸ್ ಎಂಬ ಬಲೂನ್ ಪರೀಕ್ಷೆಯಲ್ಲೂ ಅಳೆಯುತ್ತಾರೆ. ನಾವು ಮೊದಲು ಹೋದ ಕಡೆ ಇದರ ಮಾತೇ ಎತ್ತದೆ ಬಲಗಡೆಗೆ ವಾಲ್ವ್ ಹಾಕಲು ದಿನ ಗೊತ್ತು ಮಾಡಿದ್ದರು. ಎರಡನೇ ಕಡೆ ನೋಡಿದರೆ ಬಲಗಡೆಯೇ ಗಾಳಿ ನುಸುಳುತ್ತಿತ್ತು! ಎಡಗಡೆ ಸರಿಯಿತ್ತು. ಅಷ್ಟು ದುಡ್ಡು, ಅಷ್ಟು ನೋವು ಸುಮ್ನೆ ಹೋಗುತ್ತಿತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಅಪಾಯವನ್ನೂ ಹೇಳಲೇಬೇಕು. ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಳ್ಳಬಹುದು. ಇಂಥ ವಾಲ್ವ್‌ಗಳಲ್ಲಿ ಒಂದಾದ ಝೆಫಿರ್‌ಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದಕ್ಕೆ ಆಧಾರವಾದ 190 ರೋಗಿಗಳ ಲಿಬರೇಟ್ ಅಧ್ಯಯನದಲ್ಲಿ, ವಾಲ್ವ್ ಹಾಕಿಸಿಕೊಂಡ ನಾಲ್ವರಲ್ಲಿ ಒಬ್ಬರಿಗೆ ಹೀಗೆ ಗಾಳಿ ಸೋರಿತು. ಕೆಲವರು ತೀರಿಕೊಂಡರು ಕೂಡ. ವರ್ಷದ ನಂತರ ಊದುವ ಪರೀಕ್ಷೆಯಲ್ಲಿ ಹೇಳಿಕೊಳ್ಳುವಷ್ಟು ಸುಧಾರಣೆ ಕಂಡದ್ದು ಹೆಚ್ಚುಕಡಿಮೆ ಅರ್ಧ ಜನರಿಗೆ. ಗಾಳಿ ಸೋರುವುದು ಜಾಸ್ತಿ ಮೊದಲ ಮೂರು ದಿನಗಳಲ್ಲಿ. ಅದಕ್ಕೇ ಕನಿಷ್ಠ ಮೂರು ರಾತ್ರಿ ಆಸ್ಪತ್ರೆಯಲ್ಲಿರಬೇಕು. ಅಪ್ಪನಿಗೆ ಎರಡನೇ ದಿನ ಸಂಜೆ ಆಯಿತು. ಎದೆಗೆ ಟ್ಯೂಬ್ ಹಾಕಿ ಒಂಬತ್ತು ದಿನ ಇಟ್ಟುಕೊಂಡರು. ಮನೆಯಲ್ಲಿದ್ದಾಗ ಆಗಿದ್ದರೆ ಏನು ಗತಿ?

ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿಸಿ. ಸೇದುವವರಿಗೆ ವಾಲ್ವ್ ಹಾಕುವುದಿಲ್ಲ.

ಅಪ್ಪನ ಕಾಯಿಲೆ ವಾಸಿಯಾಗಿಲ್ಲ, ಇನ್‌ಹೇಲರ್ ನಿಂತಿಲ್ಲ. ಆದರೆ ಮೊದಲು ಸ್ನಾನ ಮುಗಿಸಿ ಬಂದರೆ ಹತ್ತು ನಿಮಿಷ ಮಂಚದ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಈಗ ನಿಂತೇ ಪಂಚೆ ಉಟ್ಟುಕೊಳ್ಳುತ್ತಾರೆ.