ಹೊಡೆದುಹಾಕಿದ ಸಾಲು

ಈ ಸಲ ಬಂದ ಪತ್ರಗಳಲ್ಲಿ ಒಂದಕ್ಕೆ ಎಂದಿನ ಹಾಗೆ ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸಲು ನನ್ನಿಂದ ಆಗಲಿಲ್ಲ. ಬರೆದವರು 26 ವರ್ಷದ ಯುವತಿ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ. ಪತ್ರದ ಮುಖ್ಯ ಭಾಗ ಇದು:

“ಈ ವರ್ಷ ನನ್ನನ್ನು ನಾನು ಇದ್ದ ಹಾಗೇ ಒಪ್ಪಿಕೊಳ್ಳಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೆ. ದಿನಾ ರಾತ್ರಿ ಡೈರಿಯಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬರೆಯುತ್ತೇನೆ. ಬೆಳಿಗ್ಗೆ ಬಸ್ಸಿನಲ್ಲಿ ಕೂತ ಕೂಡಲೇ ಎದುರಿಗಿದ್ದವರನ್ನು ಅಳೆಯಲು ಶುರು. ಇವಳಿಗೆ ಇಷ್ಟು ಮೇಕಪ್ ಬೇಕಿತ್ತಾ? ಇವರು ಫೋನಿನಲ್ಲಿ ಯಾಕೆ ಇಷ್ಟು ಜೋರಾಗಿ ನಗುತ್ತಾರೆ? ಮಧ್ಯಾಹ್ನ ಯಾರೋ ಗ್ರೂಪ್ ಫೋಟೊ ತೆಗೆದರೆ ನನ್ನ ಮುಖ ನೋಡಿ, ‘ಪ್ಲೀಸ್, ಡಿಲೀಟ್ ಮಾಡಿ’ ಅಂತ ಗೋಗರೆಯುತ್ತೇನೆ. ರಾತ್ರಿ ಮತ್ತೆ ಡೈರಿ. ಇದೆಲ್ಲ ನಾಟಕ ಅನ್ನಿಸುತ್ತದೆ. ಇನ್ನು ಮೇಲೆ ಯಾರ ಬಗ್ಗೆಯೂ ಏನೂ ಅಂದುಕೊಳ್ಳಬಾರದು ಅಂತ ಪ್ರಯತ್ನ ಮಾಡುತ್ತಿದ್ದೇನೆ. ಆಫೀಸಿನಲ್ಲಿ ಒಬ್ಬರು ಎಲ್ಲರ ಎದುರಿಗೆ ನನ್ನ ಮೈಯ ಬಗ್ಗೆ ತಮಾಷೆ ಮಾಡುತ್ತಾರೆ, ಅವರ ಬಗ್ಗೆ ಕೂಡ. ಆಗುತ್ತಿಲ್ಲ. ಇನ್ನೊಂದು ಭಯವೂ ಇದೆ. ನನ್ನನ್ನು ನಾನು ಪೂರ್ತಿ ಒಪ್ಪಿಕೊಂಡುಬಿಟ್ಟರೆ ಸೋಮಾರಿಯಾಗಿಬಿಡುತ್ತೇನಾ?”

ಮೊದಲು ಫೋಟೊ ವಿಷಯ ಮುಗಿಸಿಬಿಡೋಣ, ಅದು ಸುಲಭ. ನಿಮ್ಮ ಮುಖವನ್ನು ನೀವು ಹುಟ್ಟಿದಾಗಿನಿಂದ ನೋಡಿರುವುದು ಕನ್ನಡಿಯಲ್ಲಿ. ಅಂದರೆ ಎಡ-ಬಲ ಅದಲುಬದಲಾದ ಮುಖ. ಯಾರ ಮುಖವೂ ಎರಡೂ ಕಡೆ ಒಂದೇ ಥರ ಇರುವುದಿಲ್ಲ. ಒಂದು ಹುಬ್ಬು ಚೂರು ಮೇಲೆ, ನಕ್ಕಾಗ ತುಟಿ ಒಂದು ಕಡೆಗೆ ಜಾಸ್ತಿ. ಫೋಟೊದಲ್ಲಿ ಅದೆಲ್ಲ ತಿರುಗಿ ಕಾಣುತ್ತದೆ. ‘ಇದು ನಾನಲ್ಲ’ ಅನ್ನಿಸುತ್ತದೆ. 1977ರಲ್ಲಿ ಅಮೆರಿಕದ ಮೂವರು ಸಂಶೋಧಕರು ಯುವತಿಯರ ಫೋಟೊಗಳನ್ನು ಎರಡು ಥರ ಅಚ್ಚು ಹಾಕಿಸಿ ತೋರಿಸಿದರು. ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಹಾಗೆ. ಆ ಯುವತಿಯರಲ್ಲಿ ಹೆಚ್ಚಿನವರು ಕನ್ನಡಿಯ ಮುಖವನ್ನೇ ಆರಿಸಿಕೊಂಡರು. ಅವರ ಗೆಳತಿಯರಲ್ಲಿ ಹೆಚ್ಚಿನವರಿಗೆ ಇಷ್ಟವಾದದ್ದು ಇದ್ದ ಹಾಗಿನ ಮುಖ. ಯಾವುದನ್ನು ದಿನಾ ನೋಡುತ್ತೇವೋ ಅದೇ ನಮಗೆ ಚಂದ. ನೀವು ಗೋಗರೆದು ಡಿಲೀಟ್ ಮಾಡಿಸುವ ಆ ಮುಖವನ್ನು ನಿಮ್ಮ ಗೆಳತಿಯರು ವರ್ಷಗಳಿಂದ ನೋಡಿದ್ದಾರೆ. ಅವರಿಗೆ ಅದೇ ನೀವು.

ಈಗ ಬಸ್ಸಿಗೆ ಬರೋಣ. ಎದುರಿಗಿದ್ದವರನ್ನು ಕಂಡ ಕೂಡಲೇ ಏನೋ ಒಂದು ಅನ್ನಿಸುವುದನ್ನು ನಿಲ್ಲಿಸಲು ಹೋಗಿ ನೀವು ಸುಮ್ನೆ ಸುಸ್ತಾಗುತ್ತಿದ್ದೀರಿ. ಅಪರಿಚಿತ ಮುಖವೊಂದನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿದರೂ ಸಾಕು, ಈ ಮನುಷ್ಯ ನಂಬಿಕಸ್ಥನೋ ಅಲ್ಲವೋ ಎಂದು ಜನ ತೀರ್ಮಾನ ಮಾಡಿಬಿಡುತ್ತಾರೆ ಎಂದು 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ತೋರಿಸಿದ್ದಾರೆ. ಇನ್ನೂ ಜಾಸ್ತಿ ಹೊತ್ತು ನೋಡಲು ಬಿಟ್ಟಾಗ ತೀರ್ಮಾನ ಹೆಚ್ಚೇನೂ ಬದಲಾಗಲಿಲ್ಲ, ಅದರ ಮೇಲಿನ ಭರವಸೆ ಮಾತ್ರ ಹೆಚ್ಚಿತು. ಅಷ್ಟು ಬೇಗ ನಡೆದುಹೋಗುವ ಕೆಲಸಕ್ಕೆ ರಾತ್ರಿಯೆಲ್ಲ ಕೂತು ನಿಮ್ಮನ್ನು ನೀವು ಶಿಕ್ಷಿಸಿಕೊಳ್ಳುವುದು ನ್ಯಾಯವಲ್ಲ.

ಆದರೆ ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ನನ್ನ ಕಣ್ಣಿಗೆ ಬೇರೊಂದು ವಿಷಯ ಬಿತ್ತು. ಮೂರನೇ ಪುಟದಲ್ಲಿ, ಯಾವುದೋ ಮಾತಿನ ನಡುವೆ, ಶಾಲೆಯಲ್ಲಿ ಯಾರೋ ಆಡಿಕೊಂಡ ಮೇಲೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಅಭ್ಯಾಸವಾಗಿದೆ ಎಂದು ಬರೆದಿದ್ದೀರಿ. ಬಸ್ಸಿನಲ್ಲಿ ನಿಮಗೆ ಚುಚ್ಚಿದ್ದು ಏನು? ಒಬ್ಬರ ಜೋರು ನಗು. ಫೋಟೊಕ್ಕೆ ಹೆದರುವ ನಿಮ್ಮ ಕಣ್ಣಿಗೆ ಬಿದ್ದದ್ದು ಏನು? ಇನ್ನೊಬ್ಬಳ ಮೇಕಪ್, ಅಂದರೆ ‘ನನ್ನನ್ನು ನೋಡಿ’ ಎನ್ನುವ ಮುಖ. ಅದೇ ಬಸ್ಸಿನಲ್ಲಿ ನಿದ್ದೆ ಹೊಡೆಯುವವರು, ಪುಸ್ತಕ ಓದುವವರು, ಚೀಲ ತುಂಬಿಕೊಂಡು ದಾರಿಗೆ ಅಡ್ಡ ನಿಂತವರು ಎಲ್ಲ ಇದ್ದಿರಬೇಕಲ್ಲ? ಅವರು ಯಾರೂ ನಿಮ್ಮ ಪತ್ರದೊಳಗೆ ಬಂದಿಲ್ಲ. ನೀವು ಯಾವುದನ್ನು ನಿಮಗೆ ಬೇಡ ಎಂದು ಬೀಗ ಹಾಕಿಕೊಂಡಿದ್ದೀರೋ ಅದನ್ನು ಧೈರ್ಯವಾಗಿ ಮಾಡುವವರ ಮೇಲೆಯೇ ನಿಮಗೆ ಸಿಟ್ಟು ಬಂದಿದೆ. ನನಗೆ ಹಾಗೆ ಕಂಡಿತು. ತಪ್ಪಿದ್ದರೆ ತಿದ್ದಿ. ಸರಿಯಿದ್ದರೆ, ನಿಮ್ಮನ್ನು ಒಪ್ಪಿಕೊಳ್ಳುವುದು, ಬೇರೆಯವರನ್ನು ಅಳೆಯದಿರುವುದು ಎಂದು ಎರಡು ಕೆಲಸ ನಿಮ್ಮ ಮುಂದಿಲ್ಲ. ಇರುವುದು ಒಂದೇ ತಕ್ಕಡಿ. ಅದರಲ್ಲಿ ಮೊದಲು ಕೂತವರು ನೀವು, ಶಾಲೆಯ ದಿನಗಳಲ್ಲಿ.

ಅಂದ ಹಾಗೆ, ನಮ್ಮನ್ನು ಎಲ್ಲರೂ ನೋಡುತ್ತಿದ್ದಾರೆ ಎಂಬ ಭಯ ಲೆಕ್ಕಕ್ಕಿಂತ ಯಾವಾಗಲೂ ದೊಡ್ಡದು. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಟೀ ಶರ್ಟ್ ಹಾಕಿಸಿ, ಬೇರೆಯವರು ಕೂತಿದ್ದ ಕೋಣೆಯೊಳಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ಶರ್ಟ್ ಹಾಕಿದವರ ಅಂದಾಜು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ. ಉಳಿದವರಿಗೆ ಅವರವರದೇ ಯೋಚನೆ ಇತ್ತು. ಬಸ್ಸಿನಲ್ಲೂ ಅಷ್ಟೇ.

ಇನ್ನೊಬ್ಬರ ಬಗ್ಗೆ ತೀರ್ಪು ಕೊಡುವ ಚಟ ನನಗೂ ಇದೆ. ನನ್ನ ಕೆಲಸವೇ ಅದು, ಯಾವುದು ಒಳ್ಳೆಯದು ಯಾವುದು ಬೇಡ ಎಂದು ಆರಿಸುವುದು. ಕೆಲವು ವರ್ಷಗಳ ಹಿಂದೆ ಒಂದು ಪತ್ರ ಬಂತು. ಅಕ್ಷರಗಳು ಗೆರೆ ಬಿಟ್ಟು ಇಳಿದಿದ್ದವು, ಒತ್ತುಗಳು ಎಲ್ಲೆಲ್ಲೋ ಇದ್ದವು, ಶಾಯಿ ಮೆತ್ತಿಕೊಂಡಿತ್ತು. ‘ಅಚ್ಚಿಗೆ ಕಳಿಸುವವರು ಇಷ್ಟೂ ಕಾಳಜಿ ತಗೊಳ್ಳಲ್ವಾ’ ಎಂದು ಗೊಣಗಿ ಓದದೆ ಪಕ್ಕಕ್ಕಿಟ್ಟೆ. ಮೂರು ವಾರದ ಮೇಲೆ ಅದೇ ಕೈಬರಹದ ಇನ್ನೊಂದು ಪತ್ರ ಬಂತು. ಪಾರ್ಶ್ವವಾಯು ಹೊಡೆದು ಬಲಗೈ ಹೋಗಿದೆ, ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದೇನೆ, ನಿಮಗೆ ಬರೆದದ್ದೇ ಮೊದಲ ಪತ್ರ, ತಲುಪಿತೇ? ಇಷ್ಟೇ ಇತ್ತು. ಹಳೆಯ ಪತ್ರ ಹುಡುಕಿದೆ. ಸಿಗಲಿಲ್ಲ. ರದ್ದಿಗೆ ಹೋಗಿತ್ತು. ಕ್ಷಮೆ ಕೇಳಿ ಬರೆದೆ, ಅವರು ದೊಡ್ಡ ಮನಸ್ಸಿನಿಂದ ಮತ್ತೆ ಬರೆದು ಕಳಿಸಿದರು. ಆದರೂ ಆ ಮೊದಲ ಪತ್ರದಲ್ಲಿ ಏನಿತ್ತು ಎಂಬುದು ನನಗೆ ಇವತ್ತಿಗೂ ತಿಳಿಯದು. ಈಗಲೂ ಕೆಟ್ಟ ಕೈಬರಹ ಕಂಡರೆ ಮೊದಲು ಬರುವುದು ಕಿರಿಕಿರಿಯೇ. ಅದು ಹೋಗಿಲ್ಲ. ಪತ್ರವನ್ನು ಕೆಳಗಿಡುವುದಿಲ್ಲ, ಅಷ್ಟೇ ಬದಲಾಗಿರುವುದು.

ಇನ್ನು ನಿಮ್ಮ ಆಫೀಸಿನ ಆ ಮನುಷ್ಯ. ಇಲ್ಲಿ ನಾನು ನಿಮ್ಮ ಮಾತನ್ನು ಒಪ್ಪುವುದೇ ಇಲ್ಲ. ಯಾರ ಬಗ್ಗೆಯೂ ಏನೂ ಅಂದುಕೊಳ್ಳಬಾರದು ಎಂಬ ವ್ರತವನ್ನು ಅವರಿಗೂ ಅನ್ವಯಿಸಿ, ಅದು ಆಗದಿದ್ದಕ್ಕೆ ನಿಮ್ಮನ್ನೇ ಬೈದುಕೊಂಡಿದ್ದೀರಿ. ಓದಿ ಹೊಟ್ಟೆ ಉರಿಯಿತು ನನಗೆ. ಬಸ್ಸಿನಲ್ಲಿ ನಕ್ಕವರು ನಿಮಗೆ ಏನೂ ಮಾಡಿಲ್ಲ. ಇವರು ಮಾಡಿದ್ದಾರೆ, ನಾಲ್ಕು ಜನರ ಎದುರು, ಒಂದಲ್ಲ ಎಷ್ಟೋ ಸಲ. ಅದು ತಪ್ಪು ಎಂದು ಅಂದುಕೊಳ್ಳಿ. ಗಟ್ಟಿಯಾಗಿ ಅಂದುಕೊಳ್ಳಿ. ಅವರು ಎಂಥವರು, ಯಾವ ನೋವಿನಿಂದ ಹಾಗಾಡುತ್ತಾರೆ ಎಂದು ಹುಡುಕುತ್ತಾ ಕೂರುವ ಕೆಲಸ ನಿಮ್ಮದಲ್ಲ. ಅವರು ಆಡಿದ ಮಾತಿಗೆ ಹೆಸರಿಟ್ಟರೆ ಸಾಕು. ಮುಂದಿನ ಸಲ ಎಲ್ಲರೂ ನಗುವ ಮೊದಲೇ “ನನ್ನ ಮೈಯ ಬಗ್ಗೆ ಮಾತಾಡಬೇಡಿ” ಎಂದುಬಿಡಿ. ಧ್ವನಿ ನಡುಗಿದರೂ ಪರವಾಗಿಲ್ಲ. ಆಗಲೂ ನಿಲ್ಲದಿದ್ದರೆ ದಿನಾಂಕದ ಸಮೇತ ಬರೆದಿಟ್ಟುಕೊಂಡು ಮೇಲಿನವರಿಗೆ ತಿಳಿಸಿ. ನಿಮ್ಮನ್ನು ನೀವು ಒಪ್ಪಿಕೊಂಡಿದ್ದೀರಿ ಎನ್ನುವುದಕ್ಕೆ ನೂರು ರಾತ್ರಿಯ ಡೈರಿಗಿಂತ ಆ ಒಂದು ಮಾತು ಜಾಸ್ತಿ ತೂಗುತ್ತದೆ.

ಸೋಮಾರಿಯಾಗುವ ಭಯಕ್ಕೆ ಉತ್ತರ ಸಣ್ಣದು. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಎಂಬ ಸಂಶೋಧಕರು ಕಷ್ಟದ ಪರೀಕ್ಷೆಯೊಂದರಲ್ಲಿ ಎಡವಿದ ವಿದ್ಯಾರ್ಥಿಗಳನ್ನು ನೋಡಿದರು. ‘ಇದು ಎಲ್ಲರಿಗೂ ಕಷ್ಟವೇ, ನಿನ್ನನ್ನು ಹಳಿದುಕೊಳ್ಳಬೇಡ’ ಎನ್ನುವಂಥ ಮಾತು ಕೇಳಿಸಿಕೊಂಡವರು ಮುಂದಿನ ಪರೀಕ್ಷೆಗೆ ಉಳಿದವರಿಗಿಂತ ಜಾಸ್ತಿ ಹೊತ್ತು ಓದಿದರು. 2012ರ ಅಧ್ಯಯನ ಇದು. ಬೈಸಿಕೊಂಡ ಮಗು ಪುಸ್ತಕ ಮುಚ್ಚಿಡುತ್ತದೆ, ನಾವು ಕಂಡಿದ್ದೇವಲ್ಲ.

ಡೈರಿಯನ್ನು ನಿಲ್ಲಿಸಬೇಡಿ. ಅದು ನಾಟಕ ಅನ್ನಿಸುತ್ತಿರುವುದು ದಿನಾ ನಿಮಗೆ ನೀವೇ ಸರ್ಟಿಫಿಕೇಟ್ ಕೊಟ್ಟುಕೊಳ್ಳುತ್ತಿರುವುದರಿಂದ. ಒಳ್ಳೆಯ ಮಾತಾದರೂ ಅದೂ ಒಂದು ತೀರ್ಪೇ ಅಲ್ವಾ? ಸ್ವಲ್ಪ ದಿನ ಮಾರ್ಕ್ಸ್ ಕೊಡುವುದನ್ನು ಬಿಟ್ಟು ಕಂಡದ್ದನ್ನು ಮಾತ್ರ ಬರೆಯಿರಿ. “ಇವತ್ತು ಬಸ್ಸಿನಲ್ಲಿ ಒಬ್ಬರು ನಕ್ಕರು. ಕಿಟಕಿ ಕಡೆ ತಿರುಗಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣೊರೆಸಿಕೊಳ್ಳುತ್ತಾ ನಕ್ಕರು.” ಅಷ್ಟೇ. ಹಾಗೆಯೇ ನಿಮ್ಮ ಬಗ್ಗೆ ಒಂದು ಸಾಲು. “ನಾನು ಕೈ ಅಡ್ಡ ಹಿಡಿದೆ.” ಒಳ್ಳೆಯದು ಕೆಟ್ಟದು ಏನೂ ಸೇರಿಸಬೇಡಿ. ಮೊದಲ ವಾರ ಪೆನ್ನು ತಾನಾಗಿಯೇ ಏನಾದರೂ ಸೇರಿಸಲು ಹೋಗುತ್ತದೆ, ಹೋಗಲಿ.

ಕೊನೆಗೆ ಒಂದು ವಿಷಯ. ನಿಮ್ಮ ಪತ್ರದ ನಾಲ್ಕನೇ ಪುಟದಲ್ಲಿ, ‘ನನ್ನಲ್ಲಿ ನನಗೆ ಇಷ್ಟವಾದದ್ದು’ ಎಂದು ಶುರುವಾಗುವ ಸಾಲೊಂದನ್ನು ಹೊಡೆದುಹಾಕಿದ್ದೀರಿ. ಒಂದು ಗೆರೆ ಎಳೆದು, ಸಾಲದೆಂದು ಮತ್ತೆ ಮೂರು ಗೆರೆ ಎಳೆದಿದ್ದೀರಿ. ಕಾಗದ ಆ ಜಾಗದಲ್ಲಿ ತೆಳ್ಳಗಾಗಿದೆ. ಬೆಳಕಿಗೆ ಹಿಡಿದರೆ ಓದಲು ಬರುತ್ತದೆ, ಓದಿದೆ. ಏನಿದೆ ಎಂದು ಇಲ್ಲಿ ಹೇಳುವುದಿಲ್ಲ, ಅದನ್ನು ಹೊಡೆಯುವ ಹಕ್ಕು ನಿಮ್ಮದು. ಮುಂದಿನ ಪತ್ರದಲ್ಲಿ ಅದನ್ನು ಹಾಗೇ ಉಳಿಸಿ ಕಳಿಸುವುದಾದರೆ, ಈ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕಿ